ರಾತ್ರಿ ಎರಡು ಗಂಟೆಗೆ ಮೆಷಿನ್ ನಿಂತರೆ

ಬೆಳಿಗ್ಗೆ ಹಲ್ಲುಜ್ಜಿದ ಪೇಸ್ಟಿನ ಟ್ಯೂಬು, ಕಾಫಿಗೆ ಕತ್ತರಿಸಿದ ಹಾಲಿನ ಪ್ಯಾಕೆಟ್ಟು, ಆಫೀಸಿಗೆ ಕರೆದೊಯ್ದ ಕ್ಯಾಬಿನ ಬಾಗಿಲು. ಇವನ್ನೆಲ್ಲ ತಯಾರಿಸುವ ಮೆಷಿನ್ನುಗಳನ್ನು ಕುಣಿಸೋದು ಬಹುಮಟ್ಟಿಗೆ ಒಂದೇ ಜಾತಿಯ ಡಬ್ಬಿ. ಫ್ಯಾಕ್ಟರಿಯ ಪ್ಯಾನೆಲ್ ಬಾಗಿಲು ತೆಗೆದರೆ ಲೋಹದ ಪಟ್ಟಿಯ ಮೇಲೆ ಸಾಲಾಗಿ ಕೂರಿಸಿದ ಬೂದು ಬಣ್ಣದ ಡಬ್ಬಿಗಳು, ಮಿಣುಕುವ ಹಸಿರು ದೀಪಗಳು, ನಂಬರು ಹಚ್ಚಿದ ನೂರಾರು ವೈರುಗಳು ಕಾಣುತ್ತವೆ. ಇದರ ಹೆಸರು ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್. ಹತ್ತು ವರ್ಷ ಸಾಫ್ಟ್‌ವೇರ್ ಬರೆದವರಲ್ಲೂ ಇದರ ಮುಖ ನೋಡದವರೇ ಜಾಸ್ತಿ. ಬೆಂಗಳೂರಿನ ಗಾಜಿನ ಕಟ್ಟಡಕ್ಕೂ ಪೀಣ್ಯದ ಶೆಡ್ಡಿಗೂ ಮೆಟ್ರೋದಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಆದರೆ ಎರಡೂ ಕಡೆಯವರ ನಡುವೆ ಮಾತುಕತೆ ಇಲ್ಲ.

ಈಗ ಈ ಡಬ್ಬಿಯನ್ನೇ ತೆಗೆದುಹಾಕೋ ಮಾತು ನಡೀತಾ ಇದೆ. ಕಂಟ್ರೋಲರ್ ಅನ್ನೋದು ಕೊನೆಗೂ ಒಂದು ಪ್ರೋಗ್ರಾಮ್ ತಾನೆ, ಅದಕ್ಕೆ ಪ್ರತ್ಯೇಕ ಹಾರ್ಡ್‌ವೇರ್ ಯಾಕೆ, ಸರ್ವರಿನ ಮೇಲೆ ಒಂದು ಕಂಟೇನರ್ ಮಾಡಿ ಓಡಿಸಿದರೆ ಆಯ್ತಲ್ಲ ಅಂತ ಒಂದು ಬಣ. ಮೆಷಿನ್ನು ಅಂದರೆ ವೆಬ್‌ಸೈಟ್ ಅಲ್ಲ ಸ್ವಾಮಿ, ಅಲ್ಲಿ ಮನುಷ್ಯರ ಬೆರಳಿರುತ್ತೆ ಅಂತ ಇನ್ನೊಂದು ಬಣ. ಇದು ಹೊಸ ಜಗಳದ ಹಾಗೆ ಕಾಣಿಸಿದರೂ ಐವತ್ತು ವರ್ಷಕ್ಕಿಂತ ಹಳೆಯದು. ಅದರ ಚರಿತ್ರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಹಾರ್ಡ್‌ವೇರೋ ಸಾಫ್ಟ್‌ವೇರೋ ಅನ್ನೋದು ಇಲ್ಲಿ ಮೇಲುನೋಟದ ಪ್ರಶ್ನೆ. ಅದರ ಅಡಿಯಲ್ಲಿ ಬೇರೆ ಪ್ರಶ್ನೆಯಿದೆ. ರಾತ್ರಿ ಎರಡು ಗಂಟೆಗೆ ಲೈನು ನಿಂತರೆ ಅದನ್ನು ಯಾರು ತೆರೆದು ನೋಡಬಲ್ಲರು, ಯಾರು ಸರಿಮಾಡಬಲ್ಲರು?

ರಿಲೇಗಳ ಕಾಲ

ಪಿಎಲ್‌ಸಿಗಿಂತ ಮುಂಚೆ ಇದ್ದದ್ದು ರಿಲೇ. ರಿಲೇ ಅಂದರೇನು ಅಂತ ಪಠ್ಯಪುಸ್ತಕದ ಚಿತ್ರ ಹುಡುಕಬೇಕಾಗಿಲ್ಲ. ನಮ್ಮೂರ ಕಡೆಯ ಪ್ರತಿ ಪಂಪ್‌ಸೆಟ್ ಮನೆಯಲ್ಲೂ ಅದರ ಅಣ್ಣ ಇದ್ದಾನೆ. ಮೋಟಾರಿನ ಸ್ಟಾರ್ಟರ್. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲ್‌ಗೆ ಕರೆಂಟ್ ಹೋಗಿ ಅದು ಅಯಸ್ಕಾಂತವಾಗುತ್ತೆ, ಕಬ್ಬಿಣದ ಪಟ್ಟಿಯನ್ನು ಟಕ್ ಅಂತ ಎಳೆದುಕೊಳ್ಳುತ್ತೆ, ಕಾಂಟ್ಯಾಕ್ಟುಗಳು ಕೂಡಿ ಮೋಟಾರ್ ತಿರುಗುತ್ತೆ. ಬೆರಳು ತೆಗೆದ ಮೇಲೂ ಅದು ನಿಲ್ಲೋದಿಲ್ಲ. ಯಾಕೆಂದರೆ ಆ ಪಟ್ಟಿಯ ಜೊತೆಗೇ ಕೂಡಿದ ಇನ್ನೊಂದು ಪುಟ್ಟ ಕಾಂಟ್ಯಾಕ್ಟು ಕಾಯಿಲ್‌ಗೆ ಕರೆಂಟ್ ಉಣಿಸುತ್ತಲೇ ಇರುತ್ತೆ. ಕೆಂಪು ಗುಂಡಿ ಒತ್ತಿದರೆ ಆ ದಾರಿ ಕಡಿದು ಎಲ್ಲ ಬಿದ್ದುಹೋಗುತ್ತೆ. ಕರೆಂಟ್ ಹೋದರೂ ಅಷ್ಟೆ. ಮತ್ತೆ ಬಂದಾಗ ಮೋಟಾರ್ ತಾನಾಗಿ ಶುರುವಾಗದು, ಯಾರಾದರೂ ಬಂದು ಗುಂಡಿ ಒತ್ತಬೇಕು.

ಇದೊಂದು ಪ್ರೋಗ್ರಾಮು. ‘ಹಸಿರು ಒತ್ತಿದೆ ಅಥವಾ ಈಗಾಗಲೇ ಓಡುತ್ತಿದೆ, ಮತ್ತು ಕೆಂಪು ಒತ್ತಿಲ್ಲ, ಹಾಗಾದರೆ ಓಡಲಿ’ ಅನ್ನೋ ಒಂದು ಸಾಲಿನ ಲಾಜಿಕ್. ಅದರಲ್ಲಿ ಒಂದು ಬಿಟ್ ಮೆಮೊರಿಯೂ ಇದೆ, ಸುರಕ್ಷತೆಯೂ ಇದೆ. ಮೂರು ಫೇಸ್ ಕರೆಂಟು ನಡುರಾತ್ರಿ ಬರೋ ಊರಲ್ಲಿ ರೈತ ಏನು ಮಾಡುತ್ತಾನೆ? ಗುಂಡಿ ಮೇಲೇಳದಂತೆ ಕಡ್ಡಿ ಸಿಗಿಸುತ್ತಾನೆ, ಇಲ್ಲವೇ ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ಅಂದರೆ ಪ್ರೋಗ್ರಾಮನ್ನು ತನ್ನ ಅನುಕೂಲಕ್ಕೆ ತಕ್ಕ ಹಾಗೆ ತಿದ್ದಿಕೊಳ್ಳುತ್ತಾನೆ. ಕಂಟ್ರೋಲ್ ಅನ್ನೋದು ಕಣ್ಣಿಗೆ ಕಾಣುವ ಹಾಗಿದ್ದರೆ, ಕೈಗೆ ಸಿಗುವ ಹಾಗಿದ್ದರೆ ಜನ ಅದನ್ನು ತಿದ್ದುತ್ತಾರೆ. ಒಳ್ಳೆಯದಕ್ಕೂ ಸರಿ, ಅಪಾಯಕ್ಕೂ ಸರಿ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಇಂಥ ಒಂದು ಸ್ಟಾರ್ಟರ್ ಬದಲು ಸಾವಿರಾರು ರಿಲೇಗಳನ್ನು ಕಲ್ಪಿಸಿಕೊಳ್ಳಿ. 1960ರ ದಶಕದ ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಗೋಡೆಗೆ ಗೋಡೆಯೇ ರಿಲೇ ಪ್ಯಾನೆಲ್ಲುಗಳಿಂದ ತುಂಬಿತ್ತು. ಡ್ರಿಲ್ ಯಾವಾಗ ಇಳಿಯಬೇಕು, ಕ್ಲ್ಯಾಂಪ್ ಯಾವಾಗ ಬಿಡಬೇಕು, ಎಣ್ಣೆ ಯಾವಾಗ ಸುರಿಯಬೇಕು ಅನ್ನೋದೆಲ್ಲ ವೈರುಗಳಲ್ಲೇ ಬರೆದಿತ್ತು. ಕಾರಿನ ಮಾಡೆಲ್ ಬದಲಾದರೆ ಲಾಜಿಕ್ಕೂ ಬದಲಾಗಬೇಕು. ಆಗ ವೈರೆಲ್ಲ ಕಿತ್ತು ಮತ್ತೆ ಹಾಕಬೇಕು, ಇಲ್ಲಾ ಪ್ಯಾನೆಲ್ಲನ್ನೇ ಗುಜರಿಗೆ ಹಾಕಬೇಕು. ಜೊತೆಗೆ ರಿಲೇ ಅನ್ನೋದು ಚಲಿಸುವ ಭಾಗ ಇರುವ ವಸ್ತು. ಕಾಂಟ್ಯಾಕ್ಟ್ ಸುಡುತ್ತೆ, ಧೂಳು ಕೂರುತ್ತೆ. ಸಾವಿರದಲ್ಲಿ ಯಾವುದು ಕೈಕೊಟ್ಟಿದೆ ಅಂತ ಹುಡುಕೋದರಲ್ಲೇ ಶಿಫ್ಟ್ ಮುಗಿಯುತ್ತಿತ್ತು.

ಹೊಸ ವರ್ಷದ ಮೆಮೊ

1968ರಲ್ಲಿ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡುತ್ತಿದ್ದ ವಿಭಾಗ, ಈ ರಿಲೇಗಳಿಗೆ ಎಲೆಕ್ಟ್ರಾನಿಕ್ ಬದಲಿ ಬೇಕು ಅಂತ ಕಂಪನಿಗಳನ್ನು ಕೇಳಿತು. ಅಲ್ಲಿನ ಎಂಜಿನಿಯರ್ ಎಡ್ವರ್ಡ್ ಕ್ಲಾರ್ಕ್ ಬರೆದಿದ್ದ ಟಿಪ್ಪಣಿ ಅದಕ್ಕೆ ಆಧಾರ. ಬೇಡಿಕೆಗಳು ಸರಳವಾಗಿದ್ದವು. ಲಾಜಿಕ್ಕನ್ನು ಸುಲಭವಾಗಿ ಬದಲಾಯಿಸುವಂತಿರಬೇಕು. ಫ್ಯಾಕ್ಟರಿಯ ಧೂಳು, ಶಾಖ, ಅದುರುವಿಕೆ ತಡೆಯಬೇಕು. ರಿಲೇ ಪ್ಯಾನೆಲ್ಲಿಗಿಂತ ಚಿಕ್ಕದಿರಬೇಕು. ಮುಖ್ಯವಾಗಿ, ಫ್ಯಾಕ್ಟರಿಯವರೇ ಅದನ್ನು ನಿಭಾಯಿಸುವಂತಿರಬೇಕು.

ಅದೇ ವರ್ಷದ ಜನವರಿ 1ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಅನ್ನೋ ಚಿಕ್ಕ ಕಂಪನಿಯ ಡಿಕ್ ಮಾರ್ಲಿ ಒಂದು ಮೆಮೊ ಬರೆದರು. ಹಿಂದಿನ ರಾತ್ರಿಯ ಅಮಲು ಇನ್ನೂ ಇಳಿದಿರಲಿಲ್ಲ ಅಂತ ಅವರೇ ಮುಂದೆ ನಗುತ್ತಾ ಹೇಳಿಕೊಳ್ಳುತ್ತಿದ್ದರು. ಒಬ್ಬೊಬ್ಬ ಗಿರಾಕಿಗೂ ಮಿನಿಕಂಪ್ಯೂಟರ್ ಇಟ್ಟುಕೊಂಡು ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಅವರಿಗೆ ಬೇಸರ ಬಂದಿತ್ತು. ಎಲ್ಲರಿಗೂ ಹೊಂದುವ ಒಂದೇ ಕಂಟ್ರೋಲರ್ ಯಾಕಿರಬಾರದು ಅನ್ನೋದು ಅವರ ಯೋಚನೆ. ಆ ಮೆಮೊದಿಂದ ಹುಟ್ಟಿದ್ದು ಮೋಡಿಕಾನ್ 084. ಮಾಡ್ಯುಲರ್ ಡಿಜಿಟಲ್ ಕಂಟ್ರೋಲರ್ ಅನ್ನೋದರ ಗಿಡ್ಡ ರೂಪ ಮೋಡಿಕಾನ್. 084 ಅಂದರೆ ಆ ಕಂಪನಿಯ 84ನೇ ಪ್ರಾಜೆಕ್ಟು, ಅಷ್ಟೆ.

ಜಿಎಂ ಮುಂದೆ ಪೈಪೋಟಿಗೆ ಬಂದವರಲ್ಲಿ ಆ ಕಾಲದ ದೊಡ್ಡ ಹೆಸರಾಗಿದ್ದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಶನ್ನೂ ಇತ್ತು. ಮಿನಿಕಂಪ್ಯೂಟರುಗಳ ರಾಜ. ಅವರು ತಂದ ಪಿಡಿಪಿ-14 ಒಳ್ಳೆಯ ಯಂತ್ರವೇ. ಆದರೆ ಅದರ ಪ್ರೋಗ್ರಾಮ್ ಇರುತ್ತಿದ್ದದ್ದು ತಂತಿ ಹೆಣೆದು ಮಾಡಿದ, ತಿದ್ದಲಾಗದ ಮೆಮೊರಿಯಲ್ಲಿ. ಲಾಜಿಕ್ ಬದಲಾಯಿಸಬೇಕೆಂದರೆ ಹೊಸ ಮೆಮೊರಿಯನ್ನು ಡಿಜಿಟಲ್‌ನವರೇ ಹೆಣೆದು ಕಳಿಸಬೇಕಿತ್ತು. ಫ್ಯಾಕ್ಟರಿಯವರ ದೃಷ್ಟಿಯಿಂದ ನೋಡಿ. ರಿಲೇ ಪ್ಯಾನೆಲ್ ಆಗಿದ್ದರೆ ನಮ್ಮ ಎಲೆಕ್ಟ್ರಿಶಿಯನ್ ರಾತ್ರೋರಾತ್ರಿ ಒಂದು ವೈರ್ ಬದಲಿಸಿ ಕೆಲಸ ಸಾಗಿಸುತ್ತಿದ್ದ. ಈಗ ಇನ್ನೊಂದು ಊರಿನ ಕಂಪನಿಯಿಂದ ಪಾರ್ಸೆಲ್ ಬರುವವರೆಗೂ ಕಾಯಬೇಕಾ?

084 ಗೆದ್ದದ್ದು ಇಲ್ಲಿ. ಅದು ವೇಗದ ಯಂತ್ರವೇನೂ ಅಲ್ಲ. ಫ್ಯಾನ್ ಕೂಡ ಇರಲಿಲ್ಲ, ಯಾಕೆಂದರೆ ಫ್ಯಾನ್ ಇದ್ದರೆ ಫ್ಯಾಕ್ಟರಿಯ ಕೊಳೆಯೆಲ್ಲ ಒಳಗೆ ಬರುತ್ತೆ. ಆದರೆ ಅದರ ಪ್ರೋಗ್ರಾಮನ್ನು ಸ್ಥಳದಲ್ಲೇ ತಿದ್ದಬಹುದಿತ್ತು. ಆ ಪ್ರೋಗ್ರಾಮು ಕಾಣುತ್ತಿದ್ದದ್ದು ರಿಲೇ ಚಿತ್ರದ ಹಾಗೇ. ಎರಡು ಬದಿಗೆ ಎರಡು ಉದ್ದ ಗೆರೆ, ನಡುವೆ ಅಡ್ಡ ಮೆಟ್ಟಿಲುಗಳು, ಒಂದೊಂದು ಮೆಟ್ಟಿಲಲ್ಲೂ ಒಂದಷ್ಟು ಕಾಂಟ್ಯಾಕ್ಟು, ಕೊನೆಗೊಂದು ಕಾಯಿಲ್. ಏಣಿಯ ಹಾಗಿದ್ದದ್ದಕ್ಕೆ ಲ್ಯಾಡರ್ ಅಂತ ಹೆಸರು. ಪಂಪ್‌ಸೆಟ್ ಸ್ಟಾರ್ಟರಿನ ಆ ಲಾಜಿಕ್ ಇಲ್ಲಿ ಒಂದು ಮೆಟ್ಟಿಲು. ರಿಲೇ ನಕ್ಷೆ ಓದಬಲ್ಲ ಎಲೆಕ್ಟ್ರಿಶಿಯನ್‌ಗೆ ಕೋಡಿಂಗ್ ಕಲಿಸುವ ಅಗತ್ಯವೇ ಬೀಳಲಿಲ್ಲ.

ಇನ್ನೊಂದು ಜಾಣತನವೂ ಇತ್ತು. ಅದನ್ನು ಕಂಪ್ಯೂಟರ್ ಅಂತ ಮಾರಲೇ ಇಲ್ಲ, ‘ಪ್ರೋಗ್ರಾಮೆಬಲ್ ಕಂಟ್ರೋಲರ್’ ಅಂತ ಮಾರಿದರು. ಆಗ ಕಂಪ್ಯೂಟರ್ ಅಂದರೆ ಏಸಿ ರೂಮು, ಬಿಳಿ ಕೋಟು, ಮಾತೆತ್ತಿದರೆ ಕೆಡುವ ಸಾಮಾನು ಅನ್ನೋ ಭಾವನೆ. ನಿಜದಲ್ಲಿ ಪಿಎಲ್‌ಸಿ ಮೊದಲ ದಿನದಿಂದಲೂ ಕಂಪ್ಯೂಟರೇ. ಸಾಫ್ಟ್‌ವೇರ್ ಓಡುವ ಕಂಪ್ಯೂಟರು ರಿಲೇ ಪೆಟ್ಟಿಗೆಯ ವೇಷ ಹಾಕಿಕೊಂಡು ಫ್ಯಾಕ್ಟರಿಯೊಳಗೆ ಬಂತು. ಹಾಗಾಗಿ ಇವತ್ತು ನಾವು ‘ಹಾರ್ಡ್‌ವೇರ್ ಕಂಟ್ರೋಲರ್’ ಅಂತ ಕರೆಯುವುದು ತನ್ನ ಕಾಲದ ಸಾಫ್ಟ್‌ವೇರ್ ಕ್ರಾಂತಿ. ಮೊದಮೊದಲ 084ಗಳಲ್ಲಿ ಒಂದನ್ನು ಸುಮಾರು 20 ವರ್ಷ ಬಿಡುವಿಲ್ಲದೆ ದುಡಿಸಿ, ಆಮೇಲೆ ಜಿಎಂ ಅದನ್ನು ಮೋಡಿಕಾನ್‌ಗೆ ವಾಪಸ್ ಉಡುಗೊರೆ ಕೊಟ್ಟಿತು.

ಸರಾಸರಿಯ ಮೋಸ

ಪಿಎಲ್‌ಸಿ ಒಳಗೆ ಏನು ನಡೆಯುತ್ತೆ ಅನ್ನೋದು ಎರಡು ಸಾಲಿನಲ್ಲಿ ಹೇಳುವಷ್ಟು ಸರಳ. ಸೆನ್ಸರುಗಳನ್ನೆಲ್ಲ ಒಮ್ಮೆ ಓದು, ಏಣಿಯನ್ನು ಮೇಲಿಂದ ಕೆಳಗೆ ಒಮ್ಮೆ ಲೆಕ್ಕ ಹಾಕು, ಮೋಟಾರು-ವಾಲ್ವುಗಳಿಗೆ ಆದೇಶ ಕೊಡು. ಮತ್ತೆ ಮೊದಲಿನಿಂದ. ಇದಕ್ಕೆ ಸ್ಕ್ಯಾನ್ ಅಂತಾರೆ. ಕೆಲವು ಮಿಲಿಸೆಕೆಂಡಿಗೊಂದು ಸುತ್ತು, ಹಗಲು ರಾತ್ರಿ, ವರ್ಷಗಟ್ಟಲೆ. ಒಂದು ಸುತ್ತು ನಿಗದಿತ ಅವಧಿಯಲ್ಲಿ ಮುಗಿಯದಿದ್ದರೆ ವಾಚ್‌ಡಾಗ್ ಅನ್ನೋ ಕಾವಲು ಟೈಮರ್ ಎಲ್ಲವನ್ನೂ ಸುರಕ್ಷಿತ ಸ್ಥಿತಿಗೆ ತಂದು ನಿಲ್ಲಿಸುತ್ತೆ.

ವೆಬ್ ಪ್ರಪಂಚದಿಂದ ಬಂದವರಿಗೆ ಇದರಲ್ಲಿ ಮೊದಲು ಅರ್ಥವಾಗದೆ ಇರೋದು ಒಂದೇ. ಇಲ್ಲಿ ವೇಗ ಮುಖ್ಯವಲ್ಲ, ಖಾತ್ರಿ ಮುಖ್ಯ. ಸರಾಸರಿ ಹತ್ತು ನಿಮಿಷಕ್ಕೊಂದು ಬಸ್ಸು ಅಂತ ಬೋರ್ಡಿರುತ್ತೆ. ನಲವತ್ತು ನಿಮಿಷ ಒಂದೂ ಬರದೆ ಆಮೇಲೆ ನಾಲ್ಕು ಒಟ್ಟಿಗೆ ಬಂದರೂ ಆ ಸರಾಸರಿ ಸುಳ್ಳಾಗೋದಿಲ್ಲ. ವೆಬ್‌ಸೈಟಿಗೆ ಇದು ನಡೆಯುತ್ತೆ, ಬಳಕೆದಾರ ಎರಡು ಸಲ ಬೈದು ರಿಫ್ರೆಶ್ ಒತ್ತುತ್ತಾನೆ. ನಿಮಿಷಕ್ಕೆ 600 ಬಾಟಲಿ ಓಡುವ ಲೈನಿಗೆ ನಡೆಯಲ್ಲ. ಅಲ್ಲಿ ಒಂದು ಬಾಟಲಿಗೆ ಸಿಗೋದು 100 ಮಿಲಿಸೆಕೆಂಡ್. ಕಂಟ್ರೋಲರ್ ಅರ್ಧ ಸೆಕೆಂಡ್ ಮೈಮರೆತರೆ ಐದು ಬಾಟಲಿ ತಪ್ಪಿಹೋಗುತ್ತೆ. ಬಾಟಲಿಯ ಜಾಗದಲ್ಲಿ ನೂರು ಟನ್ ಪ್ರೆಸ್ಸು ಇದ್ದರೆ ತಪ್ಪಿಹೋಗೋದು ಬಾಟಲಿ ಆಗಿರೋದಿಲ್ಲ.

ಮೊದಲ ದಂಗೆ

ಎಂಬತ್ತರ ದಶಕದ ಹೊತ್ತಿಗೆ ಪಿಎಲ್‌ಸಿ ಗೆದ್ದಿತ್ತು. ಗೆದ್ದವರೆಲ್ಲ ಮಾಡುವಂತೆ ಬಾಗಿಲನ್ನೂ ಹಾಕಿಕೊಂಡಿತ್ತು. ಅಮೆರಿಕದಲ್ಲಿ ಅಲೆನ್-ಬ್ರ್ಯಾಡ್ಲಿ, ಜರ್ಮನಿಯಲ್ಲಿ ಸೀಮೆನ್ಸ್, ಜಪಾನಿನಲ್ಲಿ ಮಿತ್ಸುಬಿಶಿ ಮತ್ತು ಒಮ್ರಾನ್. ಒಬ್ಬೊಬ್ಬರದೂ ಬೇರೆ ಸಾಫ್ಟ್‌ವೇರು, ಬೇರೆ ಕೇಬಲ್ಲು, ಬೇರೆ ನೆಟ್‌ವರ್ಕು. ಒಬ್ಬರ ಡಬ್ಬಿ ತಗೊಂಡರೆ ಮುಂದಿನ 20 ವರ್ಷ ಅವರ ಬಿಡಿಭಾಗವನ್ನೇ, ಅವರು ಹೇಳಿದ ಬೆಲೆಗೇ ತಗೋಬೇಕು. ಮೋಡಿಕಾನ್ 1979ರಲ್ಲಿ ಪ್ರಕಟಿಸಿದ ಮೋಡ್‌ಬಸ್ ಅನ್ನೋ ಸಂವಹನ ಭಾಷೆ ಮಾತ್ರ ಇದಕ್ಕೆ ಅಪವಾದ. ಯಾರು ಬೇಕಾದರೂ ಬಳಸಬಹುದಾಗಿತ್ತು, ಹಾಗಾಗಿ ಇವತ್ತಿಗೂ ಸೋಲಾರ್ ಇನ್ವರ್ಟರಿನಿಂದ ಹಿಡಿದು ಕರೆಂಟ್ ಮೀಟರಿನವರೆಗೆ ಬದುಕಿದೆ.

ಅಷ್ಟರಲ್ಲಿ ಮೇಜಿನ ಮೇಲಿನ ಪಿಸಿ ಅಗ್ಗವಾಗುತ್ತಾ, ಶಕ್ತಿಶಾಲಿಯಾಗುತ್ತಾ ಹೋಯಿತು. 1993ರಲ್ಲಿ ಐಇಸಿ 61131-3 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಬಂದು ಲ್ಯಾಡರೂ ಸೇರಿ ಐದು ಪ್ರೋಗ್ರಾಮಿಂಗ್ ಭಾಷೆಗಳಿಗೆ ಒಂದು ಸಾಮಾನ್ಯ ರೂಪ ಕೊಟ್ಟಿತು. 1994ರಲ್ಲಿ ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳಾದ ಕ್ರೈಸ್ಲರ್, ಫೋರ್ಡ್, ಜಿಎಂ ಒಟ್ಟಾಗಿ ಒಂದು ಬೇಡಿಕೆಪಟ್ಟಿ ಹೊರಡಿಸಿದವು. ನಮಗೆ ಮುಚ್ಚಿದ ಡಬ್ಬಿ ಬೇಡ, ತೆರೆದ, ಬಿಡಿಬಿಡಿಯಾಗಿ ಜೋಡಿಸಬಹುದಾದ ಕಂಟ್ರೋಲರ್ ಬೇಕು ಅಂತ. 1968ರಲ್ಲಿ ರಿಲೇ ಸಾಕು ಅಂದಿದ್ದ ಅದೇ ಜಿಎಂ, 26 ವರ್ಷದ ಮೇಲೆ ತಾನೇ ಹುಟ್ಟುಹಾಕಿದ ಡಬ್ಬಿ ಸಾಕು ಅಂತಿತ್ತು.

ಇಲ್ಲಿಂದ ‘ಸಾಫ್ಟ್ ಪಿಎಲ್‌ಸಿ’ಯ ಸುಗ್ಗಿ ಶುರು. ಮಾಮೂಲಿ ಪಿಸಿ, ಅದರ ಮೇಲೆ ವಿಂಡೋಸ್ ಎನ್‌ಟಿ, ಅದರ ಮೇಲೆ ಲ್ಯಾಡರ್ ಓಡಿಸುವ ಸಾಫ್ಟ್‌ವೇರು. ಇನ್ನೇನು ಕೆಲವೇ ವರ್ಷದಲ್ಲಿ ಬೂದು ಡಬ್ಬಿ ಮ್ಯೂಸಿಯಂ ಸೇರುತ್ತೆ ಅಂತ ಭವಿಷ್ಯ ನುಡಿದವರಿಗೆ ಲೆಕ್ಕವಿಲ್ಲ. ಸೇರಲಿಲ್ಲ. ಕಾರಣಗಳು ನಮಗೆಲ್ಲ ಪರಿಚಯದವೇ. ವಿಂಡೋಸ್ ಎನ್‌ಟಿ ರಿಯಲ್-ಟೈಮ್ ಖಾತ್ರಿಗಾಗಿ ಮಾಡಿದ್ದಲ್ಲ. ಬೇರೇನೋ ಕೆಲಸದಲ್ಲಿ ಮುಳುಗಿ ಅದು ಕಂಟ್ರೋಲಿಗೆ ಸಮಯ ಕೊಡೋದು ತಡಮಾಡಬಹುದಿತ್ತು. ನೀಲಿ ಪರದೆ ಬಂದರೆ ಲೈನೇ ಬಂದ್. ತಿರುಗುವ ಹಾರ್ಡ್ ಡಿಸ್ಕು ಅದುರುವ ಮೆಷಿನ್ನಿನ ಪಕ್ಕ ಬಾಳಿಕೆ ಬರೋದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಆಯಸ್ಸಿನದು. ವಿಂಡೋಸ್ ಎನ್‌ಟಿ 4.0 ಬಂದದ್ದು 1996ರಲ್ಲಿ, ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2004ರಲ್ಲಿ. ಎಂಟೇ ವರ್ಷ. ಅದೇ ಅವಧಿಯಲ್ಲಿ ಕೊಂಡ ಮೆಷಿನ್ನಿಗೆ ಅದಿನ್ನೂ ಯೌವನ. ಸಾಫ್ಟ್‌ವೇರಿನ ಕಾಲ ಬೇರೆ, ಕಬ್ಬಿಣದ ಕಾಲ ಬೇರೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಎಳೆದಾಟ ತಪ್ಪಿದ್ದಲ್ಲ.

ಆದರೂ ಈ ದಂಗೆಯಲ್ಲಿ ಕೆಲವರು ಉಳಿದರು. ಜರ್ಮನಿಯ ವೆರ್ಲ್ ಅನ್ನೋ ಪುಟ್ಟ ಊರಿನ ಬೆಕ್‌ಹಾಫ್ ಕಂಪನಿ 1986ರಿಂದಲೇ ಪಿಸಿಯಲ್ಲಿ ಮೆಷಿನ್ ಓಡಿಸುತ್ತಿತ್ತು. 1996ರಲ್ಲಿ ಅವರು ತಂದ ಟ್ವಿನ್‌ಕ್ಯಾಟ್ ಮಾಡಿದ್ದು ಒಂದು ಮುಖ್ಯ ಕೆಲಸ. ವಿಂಡೋಸಿನ ದಯೆಗೆ ಕಾಯದೆ, ಕಂಟ್ರೋಲಿಗೆ ಬೇಕಾದ ಸಮಯವನ್ನು ತನ್ನದೇ ರಿಯಲ್-ಟೈಮ್ ಭಾಗದ ಮೂಲಕ ಮೊದಲೇ ಕಾಯ್ದಿರಿಸಿಕೊಂಡು, ಉಳಿದದ್ದನ್ನು ವಿಂಡೋಸಿಗೆ ಬಿಟ್ಟುಕೊಟ್ಟಿತು. ಅದೇ ದೇಶದ ಕೆಂಪ್ಟನ್‌ನಲ್ಲಿ 1994ರಲ್ಲಿ ಶುರುವಾದ ಕೋಡೆಸಿಸ್ ಇನ್ನೊಂದು ದಾರಿ ಹಿಡಿಯಿತು. ನಾವು ಡಬ್ಬಿ ಮಾಡಲ್ಲ, ಡಬ್ಬಿ ಮಾಡುವ ಎಲ್ಲರಿಗೂ ಒಳಗಿನ ಸಾಫ್ಟ್‌ವೇರ್ ಕೊಡುತ್ತೇವೆ ಅಂತ. ಪರಿಣಾಮವಾಗಿ ಎಷ್ಟೋ ಬ್ರ್ಯಾಂಡಿನ ‘ಹಾರ್ಡ್‌ವೇರ್’ ಪಿಎಲ್‌ಸಿಗಳ ಹೊಟ್ಟೆಯಲ್ಲಿ ಇವತ್ತು ಓಡುತ್ತಿರೋದು ಅದೇ ಒಂದು ರನ್‌ಟೈಮ್, ಕೆಲವು ಸಲ ಸಾಮಾನ್ಯ ಲಿನಕ್ಸ್ ಮೇಲೆ. ಡಬ್ಬಿ ಗೆದ್ದಿತು ಅಂತ ಹೊರಗಿನವರು ಅಂದುಕೊಂಡಿದ್ದಾಗ ಒಳಗೆ ಸಾಫ್ಟ್‌ವೇರ್ ಸದ್ದಿಲ್ಲದೆ ಕೂತಿತ್ತು.

ವೈರು ಕಾಪಾಡಿದ್ದು, ಡಬ್ಬಿ ಕಾಪಾಡದ್ದು

ಸುರಕ್ಷತೆಯ ವಿಷಯಕ್ಕೆ ಬಂದರೆ ಫ್ಯಾಕ್ಟರಿಯಿಂದ ಹೊರಗಿನ ಒಂದು ಕಥೆ ಹೇಳಲೇಬೇಕು. ಕೆನಡಾದ ಸರ್ಕಾರಿ ಅಣುಶಕ್ತಿ ಕಂಪನಿ ಮಾಡಿದ ಥೆರಾಕ್-25 ಅನ್ನೋ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರ. ಅದರ ಹಿಂದಿನ ಮಾಡೆಲ್ ಥೆರಾಕ್-20ರಲ್ಲಿ ತಪ್ಪು ಪ್ರಮಾಣದ ವಿಕಿರಣ ಹೊರಡದಂತೆ ತಡೆಯಲು ಹಾರ್ಡ್‌ವೇರ್ ಇಂಟರ್‌ಲಾಕ್‌ಗಳಿದ್ದವು. 25ರಲ್ಲಿ ಅವನ್ನು ತೆಗೆದು ಆ ಜವಾಬ್ದಾರಿಯನ್ನು ಸಾಫ್ಟ್‌ವೇರಿಗೆ ಕೊಟ್ಟರು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಭಾರೀ ಪ್ರಮಾಣದ ವಿಕಿರಣ ಬಿತ್ತು, ಕೆಲವರು ಅದರಿಂದಲೇ ಸತ್ತರು. ಆಪರೇಟರ್ ಕೀಬೋರ್ಡಿನಲ್ಲಿ ಬೇಗ ಬೇಗ ತಿದ್ದಿದರೆ ಮಾತ್ರ ಕಾಣಿಸಿಕೊಳ್ಳುವ ಒಂದು ದೋಷ ಕೋಡಿನಲ್ಲಿತ್ತು. ಆಮೇಲೆ ಹುಡುಕಿದರೆ ಅದೇ ದೋಷ ಹಳೆಯ ಮಾಡೆಲ್ಲಿನಲ್ಲೂ ಇತ್ತು. ಅಲ್ಲಿ ಇಂಟರ್‌ಲಾಕುಗಳು ತಡೆದಿದ್ದರಿಂದ ಯಾರಿಗೂ ಏನೂ ಆಗಿರಲಿಲ್ಲ. ತಪ್ಪು ವರ್ಷಗಟ್ಟಲೆ ಇತ್ತು, ವೈರು ಅದನ್ನು ಮುಚ್ಚಿಕೊಂಡು ಕಾಪಾಡಿತ್ತು.

ಫ್ಯಾಕ್ಟರಿಗಳಲ್ಲಿ ಅಣಬೆಯಾಕಾರದ ಕೆಂಪು ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ದಶಕಗಳ ಕಾಲ ಪಿಎಲ್‌ಸಿ ಮೂಲಕ ಹಾಯಿಸದೆ ನೇರವಾಗಿ ವೈರಿನಿಂದಲೇ ಮೋಟಾರಿನ ಕಾಂಟ್ಯಾಕ್ಟರ್ ಕಡಿಯುವಂತೆ ಜೋಡಿಸುತ್ತಿದ್ದದ್ದು ಇದೇ ಅನುಮಾನದಿಂದ. ಪ್ರೋಗ್ರಾಮ್ ಏನೇ ಹೇಳಲಿ, ಗುಂಡಿ ಒತ್ತಿದರೆ ನಿಲ್ಲಬೇಕು. ಆ ಕೆಲಸಕ್ಕೆ ಒಪ್ಪಿಗೆ ಪಡೆದ ಸೇಫ್ಟಿ ಪಿಎಲ್‌ಸಿಗಳು ಈಗಿವೆ. ಆದರೆ ಅವು ಒಂದೇ ಲೆಕ್ಕವನ್ನು ಎರಡೆರಡು ಸಲ ಮಾಡಿ, ತಮ್ಮನ್ನು ತಾವೇ ಪರೀಕ್ಷಿಸಿಕೊಂಡು, ಅನುಮಾನ ಬಂದರೆ ನಿಲ್ಲಿಸುವ ಬೇರೆಯೇ ಶಿಸ್ತಿನಲ್ಲಿ ಬೆಳೆದವು.

ಹಾಗಂತ ಡಬ್ಬಿ ಇದ್ದರೆ ಕ್ಷೇಮ ಅಂದುಕೊಳ್ಳೋ ಹಾಗೂ ಇಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಆ ನಂಬಿಕೆಯನ್ನು ಒಡೆದುಹಾಕಿತು. ಅದರ ಗುರಿ ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್‌ಗಳು. ಅವನ್ನು ನಡೆಸುತ್ತಿದ್ದದ್ದು ಸೀಮೆನ್ಸ್‌ನ ಅಪ್ಪಟ ಹಾರ್ಡ್‌ವೇರ್ ಪಿಎಲ್‌ಸಿಗಳು. ಈ ವೈರಸ್ಸು ಎಂಜಿನಿಯರುಗಳು ಪ್ರೋಗ್ರಾಮ್ ಬರೆಯುವ ವಿಂಡೋಸ್ ಕಂಪ್ಯೂಟರಿಗೆ ಹೊಕ್ಕು, ಅಲ್ಲಿಂದ ಪಿಎಲ್‌ಸಿಯ ಲಾಜಿಕ್ಕನ್ನೇ ಬದಲಾಯಿಸಿತು. ಎಂಜಿನಿಯರ್ ಕೋಡ್ ತೆರೆದು ನೋಡಿದರೆ ಹಳೆಯದೇ ಕಾಣಿಸುವ ಹಾಗೆ ನಾಟಕವನ್ನೂ ಮಾಡಿತು. ಡಬ್ಬಿ ಗಟ್ಟಿಯಾಗಿಯೇ ಇತ್ತು. ಅದನ್ನು ತೆರೆದು ನೋಡುವ ಕಣ್ಣಿಗೆ ಸುಳ್ಳು ತೋರಿಸಿದ್ದರು.

ಈ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ನನಗೆ ಕಾಣೋದು ಒಂದೇ ಪಾಠ. ಅಪಾಯ ಹುಟ್ಟಿದ್ದು ತಪ್ಪು ಮಾಡಬಹುದಾದ ಭಾಗವನ್ನು ತಡೆಯಲು, ಪರೀಕ್ಷಿಸಲು ಸ್ವತಂತ್ರವಾದ ಇನ್ನೊಂದು ದಾರಿ ಇಲ್ಲದಾಗ. ಆ ಇನ್ನೊಂದು ದಾರಿ ವೈರಾಗಿರಬಹುದು, ಬೇರೆ ಚಿಪ್ ಆಗಿರಬಹುದು, ಅನುಭವಿ ಆಪರೇಟರಿನ ಕಿವಿಯೂ ಆಗಿರಬಹುದು.

ಎರಡನೇ ದಂಗೆ

ಈಗಿನ ಅಲೆ ತೊಂಬತ್ತರ ದಶಕದ್ದಕ್ಕಿಂತ ಗಟ್ಟಿ. 2016ರಲ್ಲಿ ಎಕ್ಸಾನ್‌ಮೊಬಿಲ್‌ನ ಒತ್ತಾಸೆಯಿಂದ ಓಪನ್ ಪ್ರೋಸೆಸ್ ಆಟೋಮೇಷನ್ ಫೋರಂ ಶುರುವಾಯಿತು. ಒಬ್ಬ ಮಾರಾಟಗಾರನ ಇಡೀ ವ್ಯವಸ್ಥೆಗೆ ಕಟ್ಟುಬೀಳದೆ ಬೇರೆಬೇರೆಯವರ ಭಾಗಗಳನ್ನು ಕೂಡಿಸಿ ಪ್ಲಾಂಟ್ ನಡೆಸೋದು ಅದರ ಗುರಿ. 2023ರಲ್ಲಿ ಆಡಿ ಕಂಪನಿ ಜರ್ಮನಿಯ ಬೋಲಿಂಗರ್ ಹೋಫೆ ಕಾರ್ಖಾನೆಯಲ್ಲಿ ಲೈನಿನ ಪಕ್ಕದ ಬಿಡಿ ಕಂಪ್ಯೂಟರುಗಳ ಬದಲು ಫ್ಯಾಕ್ಟರಿಯೊಳಗಿನ ಕೇಂದ್ರ ಸರ್ವರುಗಳಿಂದ ಉತ್ಪಾದನೆಯ ಒಂದು ಭಾಗವನ್ನು ನಡೆಸಲು ತೊಡಗಿತು. ಡಬ್ಬಿಯ ಸಾಮ್ರಾಜ್ಯ ಕಟ್ಟಿದ ಸೀಮೆನ್ಸ್ ತಾನೇ ತನ್ನ ಎಸ್7-1500 ಕಂಟ್ರೋಲರಿನ ವರ್ಚುವಲ್ ರೂಪವನ್ನು ತಂದಿದೆ. ಎರಡು ದಶಕ ಬೇರೆಯಾಗಿ ಬೆಳೆದ ರಿಯಲ್-ಟೈಮ್ ತಿದ್ದುಪಡಿಗಳು 2024ರಲ್ಲಿ ಲಿನಕ್ಸಿನ ಮೂಲ ಕರ್ನಲ್ಲಿಗೇ ಸೇರಿದವು. ‘ಸಾಮಾನ್ಯ ಆಪರೇಟಿಂಗ್ ಸಿಸ್ಟಮ್ಮಿಗೆ ಸಮಯದ ಖಾತ್ರಿ ಗೊತ್ತಿಲ್ಲ’ ಅನ್ನೋ ಹಳೆಯ ಆಕ್ಷೇಪ ಮೊದಲಿನಷ್ಟು ಬಲವಾಗಿ ಉಳಿದಿಲ್ಲ.

ಲಾಭಗಳೂ ನಿಜವೇ. ನೂರು ಡಬ್ಬಿಗೆ ನೂರು ಸಲ ಲ್ಯಾಪ್‌ಟಾಪ್ ಹಿಡಿದು ಓಡುವ ಬದಲು ಒಂದು ಕಡೆಯಿಂದ ಅಪ್‌ಡೇಟ್ ಮಾಡಬಹುದು. ಯಾರು, ಯಾವಾಗ, ಯಾಕೆ ಲಾಜಿಕ್ ತಿದ್ದಿದರು ಅನ್ನೋದು ಗಿಟ್‌ನಲ್ಲಿ ದಾಖಲಾಗುತ್ತೆ. ಹೊಸ ಲಾಜಿಕ್ಕನ್ನು ಮೆಷಿನ್ನಿಗೆ ಹಾಕುವ ಮುಂಚೆ ಸಿಮ್ಯುಲೇಶನ್ನಿನಲ್ಲಿ ಪರೀಕ್ಷಿಸಬಹುದು. ಡಬ್ಬಿಗೆ ಅಂಟಿಸಿದ ಸ್ಟಿಕರಿನ ಮೇಲೆ ಪೆನ್ನಿನಲ್ಲಿ ಬರೆದ ದಿನಾಂಕವೇ ವರ್ಷನ್ ಕಂಟ್ರೋಲ್ ಆಗಿರುವ ಫ್ಯಾಕ್ಟರಿಗಳಿಗೆ ಇದು ಸಣ್ಣ ಸುಧಾರಣೆಯಲ್ಲ.

ಆದರೆ 2024ರ ಜುಲೈ 19ನ್ನೂ ಮರೆಯಬಾರದು. ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಒಂದೇ ದಿನ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಒಂದು ಕಡೆಯಿಂದ ಎಲ್ಲವನ್ನೂ ಸರಿಮಾಡಬಹುದು ಅಂದರೆ ಒಂದು ಕಡೆಯಿಂದ ಎಲ್ಲವನ್ನೂ ಕೆಡಿಸಬಹುದು ಅಂತಲೂ ಅರ್ಥ. ಒಂದು ಪಿಎಲ್‌ಸಿ ಸುಟ್ಟರೆ ಒಂದು ಮೆಷಿನ್ ನಿಲ್ಲುತ್ತೆ. ಸರ್ವರ್ ಬಿದ್ದರೆ, ಅದಕ್ಕೆ ಬದಲಿ ಸಿದ್ಧವಿಲ್ಲದಿದ್ದರೆ, ಹಾಲೇ ನಿಲ್ಲುತ್ತೆ.

ಏಣಿ ಯಾರ ಕೈಯಲ್ಲಿ

ಎಬಿಬಿ, ಹನಿವೆಲ್, ಶ್ನೈಡರ್, ಸೀಮೆನ್ಸ್‌ನಂಥ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲೇ ಇವೆ. ಮುಂದಿನ ಪೀಳಿಗೆಯ ಕಂಟ್ರೋಲರ್ ಕೋಡಿನ ಒಂದು ಪಾಲು ನಮ್ಮಂಥವರ ಕೀಬೋರ್ಡಿನಿಂದಲೇ ಹೊರಡುತ್ತೆ. ಹಾಗಾಗಿ ಇದು ನಮಗೆ ಯಾರದೋ ಊರಿನ ಚರಿತ್ರೆಯಲ್ಲ. ನಮ್ಮ ಕ್ಷೇತ್ರದ ಅಭ್ಯಾಸವೇನೆಂದರೆ, ಹಳೆಯದು ಯಾಕೆ ಹಾಗಿತ್ತು ಅಂತ ಕೇಳುವ ಮುಂಚೆಯೇ ಹೊಸದನ್ನು ಡೆಪ್ಲಾಯ್ ಮಾಡೋದು. ಲ್ಯಾಡರ್ ನೋಡಿ ನಗುವವರನ್ನು ನಾನು ಬಲ್ಲೆ. ‘ಇದೂ ಒಂದು ಲ್ಯಾಂಗ್ವೇಜಾ? ಫಂಕ್ಷನ್ ಇಲ್ಲ, ಕ್ಲಾಸ್ ಇಲ್ಲ’ ಅಂತಾರೆ. ಆದರೆ ಐಟಿಐ ಮಾಡಿದ ಹುಡುಗನೊಬ್ಬ ರಾತ್ರಿ ಪಾಳಿಯಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿ, ಪರದೆಯ ಮೇಲಿನ ಏಣಿಯಲ್ಲಿ ಯಾವ ಮೆಟ್ಟಿಲು ಹಸಿರಾಗಿಲ್ಲ ಅಂತ ನೋಡಿ, ‘ಮೂರನೇ ಸೆನ್ಸರ್‌ಗೆ ಧೂಳು ಕೂತಿದೆ’ ಅಂತ ಐದು ನಿಮಿಷದಲ್ಲಿ ಹೇಳುತ್ತಾನೆ. ನಾವು ಬರೆದ ಮೈಕ್ರೋಸರ್ವಿಸ್ ಕೆಟ್ಟಾಗ ಅಷ್ಟು ಬೇಗ ಉತ್ತರ ಹೇಳಬಲ್ಲವರು ಎಷ್ಟು ಜನ?

ಆ ಹುಡುಗನ ಕೈಯಿಂದ ಏಣಿಯನ್ನು ಕಸಿದು, ಬೇರೆ ಊರಿನ ತಂಡಕ್ಕೆ ಟಿಕೆಟ್ ಹಾಕಿ ಕಾಯಬೇಕಾದ ವ್ಯವಸ್ಥೆ ತಂದರೆ ನಾವು ಮುಂದಕ್ಕೆ ಹೋದಂತಲ್ಲ. ಪಾರ್ಸೆಲ್ ಬರುವವರೆಗೂ ಲೈನು ನಿಲ್ಲಿಸಬೇಕಿದ್ದ ಪಿಡಿಪಿ-14ರ ಕಾಲಕ್ಕೆ ವಾಪಸ್ ಹೋದಂತೆ. ಆ ಪಾರ್ಸೆಲ್ಲಿನ ಜಾಗದಲ್ಲಿ ಈಗ ಟಿಕೆಟ್ ನಂಬರ್ ಇರುತ್ತೆ, ವ್ಯತ್ಯಾಸ ಅಷ್ಟೆ.

ಡಬ್ಬಿ ಹೋಗುತ್ತೋ ಉಳಿಯುತ್ತೋ, ನನಗೆ ಅದರ ಬಗ್ಗೆ ಭಾವುಕತೆಯಿಲ್ಲ. ಹೆಚ್ಚಿನ ಕಡೆ ಎರಡೂ ಬಹುಕಾಲ ಜೊತೆಗೇ ಇರುತ್ತವೆ ಅನ್ನೋದು ನನ್ನ ಅಂದಾಜು. ಲೆಕ್ಕಾಚಾರ, ಡೇಟಾ, ಸಮನ್ವಯ ಸರ್ವರಿನ ಕಡೆ ಸರಿಯುತ್ತವೆ, ಬೆರಳಿಗೆ ಹತ್ತಿರದ ಕೆಲಸ ಮೆಷಿನ್ನಿಗೆ ಹತ್ತಿರವೇ ಉಳಿಯುತ್ತೆ. ಆದರೆ ಇಂಥ ಪ್ರಾಜೆಕ್ಟಿನ ಡಿಸೈನ್ ಮೀಟಿಂಗಿನಲ್ಲಿ ಕೂರುವ ಅವಕಾಶ ನಿಮಗೆ ಸಿಕ್ಕರೆ ಮೂರು ಪ್ರಶ್ನೆ ಕೇಳಿ. ನೆಟ್‌ವರ್ಕ್ ಹೋದಾಗ ಕೆಂಪು ಗುಂಡಿ ಕೆಲಸ ಮಾಡುತ್ತಾ? ಮೆಷಿನ್ನಿಗೆ ಹದಿನೈದು ವರ್ಷ ಆದಾಗ ಈ ಸಾಫ್ಟ್‌ವೇರಿಗೆ ದಿಕ್ಕು ಯಾರು? ರಾತ್ರಿ ಪಾಳಿಯವನಿಗೆ ಒಳಗೆ ಏನು ನಡೀತಿದೆ ಅಂತ ಕಾಣುತ್ತಾ? ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಕಂಟ್ರೋಲರ್ ಯಾವ ಡಬ್ಬಿಯಲ್ಲಿದ್ದರೂ ನಡೆಯುತ್ತೆ.